ಕರ್ಮದ ಗಣನೆ

ಮಗಧದೇಶದ ಏಕನಾಳವೆಂಬ ಬ್ರಾಹ್ಮಣಗ್ರಾಮದಲ್ಲಿ, ಬಿತ್ತನೆಯ ಕಾಲದಲ್ಲಿ, ಭಾರದ್ವಾಜನೆಂಬ ಕೃಷಿಕನು ಆಳುಗಳಿಗೆ ಅನ್ನವನ್ನು ಹಂಚಿಸುತ್ತಿದ್ದಾಗ, ಭಿಕ್ಷಾಪಾತ್ರೆಯೊಡನೆ ಬಂದು ಒಂದು ಪಕ್ಕದಲ್ಲಿ ನಿಂತ ಗೌತಮಬುದ್ಧನನ್ನು ಕಂಡು, ತಾನು ಉತ್ತು ಬಿತ್ತಿ ಅನಂತರ ಉಣ್ಣುವವನೆಂದೂ, ಶ್ರಮಣನಾದ ಆತನೂ ಹಾಗೆಯೇ ಉತ್ತು ಬಿತ್ತಿ ಉಣ್ಣುವುದು ಲೇಸೆಂದೂ ಹೇಳಿದನೆಂಬ ಪ್ರಸಂಗವೊಂದು ಸುತ್ತನಿಪಾತದಲ್ಲಿದೆ. ತಾನೂ ಉಳುವವನೇ, ತಾನೂ ಬಿತ್ತುವವನೇ ಎಂಬುದು ಬುದ್ಧನ ಉತ್ತರ. ನೊಗವೆಲ್ಲಿ, ನೇಗಿಲೆಲ್ಲಿ, ಎತ್ತುಗಳೆಲ್ಲಿ ಎಂದು ಕೃಷಿಕನು ಕೇಳಲಾಗಿ, ಶ್ರದ್ಧೆಯೇ ಬೀಜವಾಗಿ ಪ್ರಜ್ಞೆಯೇ ನೊಗನೇಗಿಲುಗಳಾಗಿ ಅಂತರಂಗದಲ್ಲಿ ನಡೆಯುವ ಬೇಸಾಯವನ್ನು ಆತನು ವಿವರಿಸಿದನು. ಪ್ರಸಂಗವು ಇಲ್ಲಿಗೇ ಮುಗಿದಿದ್ದರೆ ಅದನ್ನು ಚತುರೋಕ್ತಿಯೆಂದು ಮೆಚ್ಚಿ ಮುಂದೆ ಸಾಗಬಹುದಾಗಿತ್ತು. ಆದರೆ ಆ ಮಾತಿಗೆ ಮನಸೋತ ಭಾರದ್ವಾಜನು ಪಾಯಸವನ್ನು ತಂದು ಮುಂದಿಟ್ಟಾಗ, ಗಾಥೆಯನ್ನು ನುಡಿದುದಕ್ಕೆ ಪ್ರತಿಯಾಗಿ ಬಂದ ಅನ್ನವು ತನಗೆ ಸಲ್ಲತಕ್ಕದ್ದಲ್ಲವೆಂದು ಬುದ್ಧನು ಅದನ್ನು ಒಲ್ಲದೆ ಹೋದನು. ತನ್ನದೂ ಕೃಷಿಯೆಂದು ಸಾಧಿಸಿದವನೇ ಆ ಕೃಷಿಗೆ ಕೂಲಿಯನ್ನು ಕೊಳ್ಳಲಿಲ್ಲ. ದುಡಿಮೆಯೆಂದರೇನು, ಅದಕ್ಕೂ ಅನ್ನಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಯ ಎರಡು ತುದಿಗಳೂ ಈ ಸಣ್ಣ ಕಥೆಯಲ್ಲಿ ಸಿಕ್ಕಿಕೊಂಡಿವೆ.

ಅದೇ ಪ್ರಶ್ನೆಯನ್ನು ನಮ್ಮ ಕಾಲದ ರಾಜ್ಯವು ಮನೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತ ಬಂದಿದೆ. ಮೈಸೂರು ಸೀಮೆಯ ಹಿರಿಯರು ಖಾನೇಷುಮಾರಿಯೆಂದು ಕರೆಯುತ್ತಿದ್ದ ಜನಗಣತಿಯು 1872ರಲ್ಲಿ ಅಲ್ಲಲ್ಲಿ ಬಿಡಿಬಿಡಿಯಾಗಿ ಮೊದಲಾಗಿ, 1881ರಿಂದ ದೇಶಕ್ಕೆಲ್ಲ ಏಕಕಾಲದಲ್ಲಿ ನಡೆಯತೊಡಗಿತು. ಅಂದಿನಿಂದ ಪ್ರತಿ ಗಣತಿಯಲ್ಲಿಯೂ ಹೆಸರು, ವಯಸ್ಸು, ಮತ, ಭಾಷೆಗಳ ಸಾಲಿನಲ್ಲಿ ಮನುಷ್ಯನ ಕಸುಬಿಗೂ ಒಂದು ಸ್ಥಾನವುಂಟು. ವಯಸ್ಸು ಇಷ್ಟೆಂಬುದು ಗಣತಿದಾರನು ಕೇಳಿದರೂ ಕೇಳದಿದ್ದರೂ ಇದ್ದೇ ಇರುವ ಸಂಗತಿ. ಕೆಲಸವೆಂಬುದು ಅಂಥ ಸಿದ್ಧವಸ್ತುವಲ್ಲ. ಬೆಳಗಿನಿಂದ ರಾತ್ರಿಯವರೆಗೆ ಕೈಕಾಲುಗಳು ನಡೆಸುವ ಅಸಂಖ್ಯ ವ್ಯಾಪಾರಗಳೊಳಗೆ ಯಾವುದು ಕೆಲಸ, ಯಾವುದು ಕೆಲಸವಲ್ಲ ಎಂದು ಯಾರಾದರೂ ಒಂದು ಗೆರೆಯನ್ನೆಳೆದ ಮೇಲೆಯೇ ಎಣಿಕೆಗೆ ಅವಕಾಶ. ಗೆರೆಯೆಳೆಯುವವರು ಸಂಖ್ಯಾಶಾಸ್ತ್ರದ ಅಧಿಕಾರಿಗಳು. ಆದರೆ ಎಳೆಯುವಾಗ ಅವರು ಮಾಡುತ್ತಿರುವುದು, ಅವರಿಗೆ ತಿಳಿದಿರಲಿ ಬಿಡಲಿ, ತತ್ತ್ವವಿಚಾರವೇ ಆಗಿರುವುದು.

2011ರ ಗಣತಿಯು ಬಳಸಿದ ಲಕ್ಷಣವನ್ನು ನೋಡೋಣ. ಕೂಲಿ, ಸಂಬಳ, ಲಾಭಗಳು ದೊರೆಯಲಿ ದೊರೆಯದಿರಲಿ, ಆರ್ಥಿಕವಾಗಿ ಉತ್ಪಾದಕವಾದ ಯಾವುದೇ ಚಟುವಟಿಕೆಯಲ್ಲಿ ತೊಡಗುವುದು ಕೆಲಸ. ಅದು ದೇಹಶ್ರಮವಾಗಿರಬಹುದು, ಬುದ್ಧಿಶ್ರಮವಾಗಿರಬಹುದು, ಇತರರ ದುಡಿಮೆಯನ್ನು ನಿಂತು ನೋಡಿಕೊಳ್ಳುವ ಮೇಲ್ವಿಚಾರಣೆಯೂ ಆಗಿರಬಹುದು. ಗಣತಿಗೆ ಹಿಂದಿನ ಒಂದು ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ದುಡಿದವನು ಮುಖ್ಯ ದುಡಿಮೆಗಾರ. ಅದಕ್ಕಿಂತ ಕಡಮೆ ದುಡಿದವನು ಅಲ್ಪಾವಧಿ ದುಡಿಮೆಗಾರ, ಅವರಲ್ಲಿಯೂ ಮೂರರಿಂದ ಆರು ತಿಂಗಳು ದುಡಿದವರು ಬೇರೆ, ಮೂರು ತಿಂಗಳಿಗಿಂತ ಕಡಮೆ ದುಡಿದವರು ಬೇರೆ. ವರ್ಷದಲ್ಲಿ ಎಂದೂ ದುಡಿಯದವನು ದುಡಿಮೆಗಾರನಲ್ಲದವನು. ಈ ಕಡೆಯ ಗುಂಪಿನವರನ್ನು ವಿದ್ಯಾರ್ಥಿ, ಗೃಹಕೃತ್ಯದಲ್ಲಿರುವವರು, ಪರಾವಲಂಬಿ, ಪಿಂಚಣಿದಾರ, ಬಾಡಿಗೆ ಮೊದಲಾದ ವರಮಾನದಿಂದ ಬದುಕುವವರು, ಭಿಕ್ಷುಕ, ಇತರರು ಎಂದು ಮತ್ತೆ ವಿಂಗಡಿಸಲಾಯಿತು. ಅಲ್ಪಾವಧಿಯವರನ್ನೂ ದುಡಿಯದವರನ್ನೂ ಮಾತ್ರ ಇನ್ನೊಂದು ಪ್ರಶ್ನೆ ಕೇಳಲಾಯಿತು: ಕೆಲಸವನ್ನು ಹುಡುಕುತ್ತಿರುವಿರಾ, ಅಥವಾ ಸಿಕ್ಕಿದರೆ ಮಾಡಲು ಸಿದ್ಧರಿರುವಿರಾ? ಹೀಗೆ ಎಣಿಸಿದಾಗ 121 ಕೋಟಿ ಜನರಲ್ಲಿ 48 ಕೋಟಿಗೆ ಮೇಲ್ಪಟ್ಟು ದುಡಿಮೆಗಾರರೆಂದು ಕಂಡುಬಂದರು. ಗಂಡಸರಲ್ಲಿ ನೂರಕ್ಕೆ 53 ಮಂದಿ, ಹೆಂಗಸರಲ್ಲಿ ನೂರಕ್ಕೆ 25 ಮಂದಿ.

ಈ ಲಕ್ಷಣವನ್ನು ಅವಿಚಾರದಿಂದ ಮಾಡಿದುದೆಂದು ಯಾರೂ ಹೇಳಲಾರರು. ಸಂಬಳವಿಲ್ಲದೆ ತಂದೆಯ ಹೊಲದಲ್ಲಿ ಗೇಯುವ ಮಗನನ್ನೂ, ಗಂಡನ ಮಗ್ಗಕ್ಕೆ ನೂಲನ್ನು ಸುತ್ತಿಕೊಡುವ ಹೆಂಡತಿಯನ್ನೂ, ಮನೆಯ ಜಗಲಿಯ ಮೇಲೆ ಕುಳಿತು ಬೀಡಿ ಕಟ್ಟುವ ದಕ್ಷಿಣಕನ್ನಡದ ತಾಯಂದಿರನ್ನೂ ಅದು ಒಳಗೊಳ್ಳುತ್ತದೆ. 2001ರಿಂದ ಈಚೆಗೆ, ಮನೆಯ ಬಳಕೆಗೆ ಮಾತ್ರವೇ ಹಾಲು ಕರೆದುಕೊಳ್ಳುವ ಸಾಕಣೆಯನ್ನು ಸಹ ಕೆಲಸವೆಂದು ಒಪ್ಪಲಾಯಿತು. ಆದರೆ ಅದೇ ಹಾಲನ್ನು ಕಾಯಿಸಿ ಹೆಪ್ಪು ಹಾಕಿ ಮಕ್ಕಳಿಗೆ ಉಣಿಸುವುದು ಗೆರೆಯ ಆಚೆಗೆ ಉಳಿಯಿತು. ಬದುವಿನ ಮೇಲೆ ನಿಂತು ಆಳುಗಳನ್ನು ನೋಡಿಕೊಳ್ಳುವ ಜಮೀನುದಾರನು ದುಡಿಮೆಗಾರ; ಅವನ ಮನೆಯೊಳಗೆ ಹಾಸಿಗೆ ಹಿಡಿದ ಅತ್ತೆಯ ಮೈ ತೊಳೆದು ಬಟ್ಟೆ ಒಗೆಯುವ ಸೊಸೆಯು, ಬೇರೇನೂ ಮಾಡದಿದ್ದರೆ, ದುಡಿಯದವಳು. ಅದೇ ಸೊಸೆ ನೆರೆಮನೆಯ ಮುದುಕಿಗೆ ಇದೇ ಶುಶ್ರೂಷೆಯನ್ನು ಸಂಬಳಕ್ಕೆ ಮಾಡಿದರೆ ಅವಳ ಹೆಸರು ದುಡಿಮೆಗಾರರ ಸಾಲಿಗೆ ಬರುವುದು.

ಗೆರೆಯು ನಿಂತಲ್ಲಿ ನಿಂತದ್ದೂ ಅಲ್ಲ. ಫ್ರೆಂಚ್ ಸಂಖ್ಯಾಶಾಸ್ತ್ರಜ್ಞ ಬರ್ಟಿಲ್ಲಾನನ ವರ್ಗೀಕರಣವನ್ನು ಅನುಸರಿಸಿದ 1911ರ ಗಣತಿಯಲ್ಲಿ ಮಠವಾಸಿಗಳಿಗೂ ಧಾರ್ಮಿಕ ಭಿಕ್ಷುಗಳಿಗೂ ಧರ್ಮವೆಂಬ ವಿಭಾಗದಲ್ಲಿ, ಪುರೋಹಿತರ ಪಕ್ಕದಲ್ಲಿ, ಎಡೆಯಿತ್ತು. ಸಾಮಾನ್ಯ ಭಿಕ್ಷುಕನೂ ಅಲೆಮಾರಿಯೂ ಅನುತ್ಪಾದಕರೆಂಬ ವರ್ಗಕ್ಕೆ ಸೇರಿದ್ದರು. ಇಬ್ಬರ ಕೈಯಲ್ಲಿಯೂ ಇದ್ದುದು ಒಂದೇ ಬಗೆಯ ಪಾತ್ರೆ, ಇಬ್ಬರಿಗೂ ಬೀಳುತ್ತಿದ್ದುದು ಒಂದೇ ಬಗೆಯ ಅನ್ನ. ಒಬ್ಬನಿಗೆ ಕಸುಬು ಉಂಟು, ಇನ್ನೊಬ್ಬನಿಗಿಲ್ಲ. ಈ ಭೇದವನ್ನು ನಾನು ಹಳಿಯುತ್ತಿಲ್ಲ. ಬೇಡುವ ಕೈಯ ಹಿಂದೆ ಒಂದು ವ್ರತವಿರಬಹುದೆಂದು ಪರದೇಶೀಯರ ಸರಕಾರದ ನಮೂನೆಯೊಂದು ಗುರುತಿಸಿತೆಂಬುದು ವಿಚಾರಾರ್ಹವಾದ ಸಂಗತಿಯೆಂದು ಮಾತ್ರ ಹೇಳುತ್ತೇನೆ. ಆದರೆ ಕಾಷಾಯವನ್ನು ನೋಡಿ ವ್ರತವನ್ನು ನಿರ್ಣಯಿಸಬೇಕಾದ ಗಣತಿದಾರನ ಸಂಕಟವು ಎಂಥದ್ದಿರಬೇಕು!

ಸ್ವತಂತ್ರ ಭಾರತದ ಮೊದಲನೆಯ ಗಣತಿಯು, ಅಂದರೆ 1951ರದು, ವರಮಾನವನ್ನು ಒರೆಗಲ್ಲಾಗಿಟ್ಟುಕೊಂಡು ಜನರನ್ನು ಸ್ವಾವಲಂಬಿಗಳು, ಸಂಪಾದಿಸುವ ಅವಲಂಬಿಗಳು, ಸಂಪಾದಿಸದ ಅವಲಂಬಿಗಳು ಎಂದು ಮೂರಾಗಿ ಒಡೆಯಿತು. ಅಡಿಗೆ ಮಾಡಿ ಮಕ್ಕಳನ್ನು ಸಾಕಿ ಮನೆಯನ್ನು ನಡೆಸುವ ಗೃಹಿಣಿಯ ಕೆಲಸವು ಬಹು ಬೆಲೆಯುಳ್ಳದ್ದೆಂದು ಒಪ್ಪಿಕೊಂಡು, ಆದಾಗ್ಯೂ ವರಮಾನವಿಲ್ಲದ್ದರಿಂದ ಅವಳು ಸಂಪಾದಿಸದ ಅವಲಂಬಿಯೇ ಎಂದು ತೀರ್ಮಾನಿಸಿತು. 1961ರಲ್ಲಿ ವರಮಾನವನ್ನು ಬಿಟ್ಟು ಕಾಲವನ್ನು ಒರೆಗಲ್ಲಾಗಿ ಹಿಡಿದರು: ಸುಗ್ಗಿಬಿತ್ತನೆಗಳಂಥ ಋತುಕೆಲಸವಾದರೆ ಆ ಋತುವಿನ ಹೆಚ್ಚು ಭಾಗದಲ್ಲಿ ದಿನಕ್ಕೆ ಒಂದು ಗಂಟೆಗೆ ಮೀರಿ ಕ್ರಮವಾಗಿ ದುಡಿದಿದ್ದರೆ ಸಾಕು, ಅವನು ದುಡಿಮೆಗಾರ. 1971ರಲ್ಲಿ ಪ್ರಶ್ನೆಯು ಮತ್ತೆ ಬದಲಾಗಿ, ನಿಮ್ಮ ಮುಖ್ಯ ಚಟುವಟಿಕೆ ಯಾವುದು ಎಂದು ಕೇಳಲಾಯಿತು. ಮನೆಗೆಲಸವೇ ಮುಖ್ಯವೆಂದು ಹೇಳಿಕೊಂಡ, ಅಥವಾ ಯಾರೋ ಅವಳ ಪರವಾಗಿ ಹಾಗೆ ಹೇಳಿದ, ಹೆಣ್ಣುಮಗಳು ದುಡಿಯದವರ ಸಾಲಿಗೆ ಸೇರಿದಳು. ಅವಳು ಮಾಡಿದ ನಾಟಿ, ಕಳೆ, ಕುಯ್ಲು, ಒಕ್ಕಣೆಗಳು ದ್ವಿತೀಯ ಕೆಲಸವೆಂಬ ಬೇರೊಂದು ಅಂಕಣಕ್ಕೆ ಸರಿದುವು.

ಪರಿಣಾಮವನ್ನು ಅಂಕಿಗಳೇ ಹೇಳುತ್ತವೆ. 1961ರಲ್ಲಿ 5.94 ಕೋಟಿ ಇದ್ದ ದುಡಿಯುವ ಹೆಂಗಸರ ಸಂಖ್ಯೆ 1971ರಲ್ಲಿ 3.13 ಕೋಟಿಗೆ ಇಳಿಯಿತು. ಜನಸಂಖ್ಯೆಯು ಬೆಳೆಯುತ್ತಿದ್ದ ಆ ಹತ್ತು ವರ್ಷಗಳಲ್ಲಿ ಹೆಚ್ಚುಕಡಮೆ ಮೂರು ಕೋಟಿ ಹೆಂಗಸರು ಕೆಲಸವನ್ನು ಬಿಟ್ಟು ಮನೆಯಲ್ಲಿ ಕುಳಿತರೆ? ಗದ್ದೆಗಳಲ್ಲಿ ನಾಟಿಯ ಸಾಲುಗಳು ಗಂಡಸರಿಂದ ತುಂಬಿದುವೆ? ಹಾಗೇನೂ ಆಗಲಿಲ್ಲ. ಅವರು ಬಗ್ಗಿದ ಬೆನ್ನನ್ನು ಎತ್ತಿರಲಿಲ್ಲ. ಬಹುಮಟ್ಟಿಗೆ ಬದಲಾದದ್ದು ಪ್ರಶ್ನೆ. 1981ರಲ್ಲಿ ವರ್ಷದ 183 ದಿನಗಳ ಮಿತಿಯನ್ನಿಟ್ಟು ಮುಖ್ಯ, ಅಲ್ಪಾವಧಿ ಎಂಬ ಭೇದವನ್ನು ತಂದುದೂ, 1991ರಲ್ಲಿ ಹೊಲದಲ್ಲಿಯೋ ಮನೆತನದ ಉದ್ಯಮದಲ್ಲಿಯೋ ಮಾಡಿದ ಸಂಬಳವಿಲ್ಲದ ಕೆಲಸವೂ ಸೇರಿದಂತೆ ಎಂಬ ಮಾತನ್ನು ಪ್ರಶ್ನೆಯೊಳಗೇ ಸ್ಪಷ್ಟವಾಗಿ ಸೇರಿಸಿದುದೂ ಈ ಲೋಪವನ್ನು ತಿದ್ದುವ ಪ್ರಯತ್ನಗಳು. ಹೀಗೆ ತಿದ್ದಿಕೊಳ್ಳುತ್ತ ಬಂದುದನ್ನು ನಾನು ಗಣತಿಯ ಗೌರವವೆಂದೇ ಎಣಿಸುತ್ತೇನೆ.

ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಕರ್ಮದಲ್ಲಿ ಅಕರ್ಮವನ್ನೂ ಅಕರ್ಮದಲ್ಲಿ ಕರ್ಮವನ್ನೂ ಕಾಣಬಲ್ಲವನೇ ಬುದ್ಧಿವಂತನೆಂಬ ವಿಚಾರ ಬರುತ್ತದಷ್ಟೆ. ಅದಕ್ಕೆ ಭಾಷ್ಯವನ್ನು ಬರೆಯುತ್ತ ಶಂಕರಾಚಾರ್ಯರು ದೋಣಿಯ ದೃಷ್ಟಾಂತವನ್ನು ಕೊಡುತ್ತಾರೆ: ಚಲಿಸುವ ದೋಣಿಯಲ್ಲಿ ಕುಳಿತವನಿಗೆ ದಡದ ಮೇಲಣ ನಿಶ್ಚಲವಾದ ಮರಗಳು ಹಿಂದಕ್ಕೆ ಓಡುವಂತೆ ಕಾಣುತ್ತವೆ, ಬಹುದೂರದಲ್ಲಿ ನಿಜವಾಗಿ ನಡೆಯುತ್ತಿರುವವರು ನಿಂತಂತೆ ಕಾಣುತ್ತಾರೆ. ಆಚಾರ್ಯರು ಇದನ್ನು ಹೇಳಿದುದು ಆತ್ಮನಲ್ಲಿ ಕರ್ತೃತ್ವವನ್ನು ಆರೋಪಿಸುವ ಭ್ರಮೆಯನ್ನು ಬಿಡಿಸುವುದಕ್ಕಾಗಿ. ಲೌಕಿಕವಾದ ಎಣಿಕೆಗೆ ಅದನ್ನು ಎಳೆದುತರುವುದು ಶಾಸ್ತ್ರಕ್ಕೆ ಅಪಚಾರವೆಂದು ಯಾರಿಗಾದರೂ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ನೋಡುವವನ ನೆಲೆಯು ನೋಟದೊಳಕ್ಕೆ ಸೇರಿಹೋಗುತ್ತದೆಂಬ ವಿವೇಕವು ಮೋಕ್ಷಮಾರ್ಗದಲ್ಲಿ ಎಷ್ಟು ಅಗತ್ಯವೋ ಸಂತೆಯ ಬೀದಿಯಲ್ಲಿಯೂ ಅಷ್ಟೇ ಅಗತ್ಯ. ಮಾರುಕಟ್ಟೆಯೆಂಬ ದೋಣಿಯಲ್ಲಿ ಕುಳಿತು ನೋಡುವ ರಾಜ್ಯಕ್ಕೆ, ದೂರದ ಅಡಿಗೆಮನೆಯಲ್ಲಿ ನಡೆಯುತ್ತಿರುವವಳು ನಿಂತವಳಾಗಿ ಕಂಡುದರಲ್ಲಿ ಆಶ್ಚರ್ಯವೇನು?

ಹಾಗಾದರೆ ಗಣತಿಯ ಗೆರೆಯನ್ನು ಅಳಿಸಿಬಿಟ್ಟು, ಯಾವ ಪ್ರಾಣಿಯೂ ಕ್ಷಣಕಾಲವೂ ಕರ್ಮಮಾಡದೆ ಇರಲಾರದೆಂಬ ಗೀತೆಯ ಮೂರನೆಯ ಅಧ್ಯಾಯದ ನಿಲುವನ್ನೇ ಹಿಡಿದು, ಎಲ್ಲರನ್ನೂ ದುಡಿಮೆಗಾರರೆಂದು ಬರೆದುಕೊಳ್ಳಬೇಕೆ? ಅದರಿಂದ ಯಾರಿಗೂ ಉಪಕಾರವಾಗದು. ಉಸಿರಾಡುವುದೂ ಕರ್ಮವೆಂದ ಮೇಲೆ ಹಸಿದವನೂ ಉಂಡವನೂ ಒಂದೇ ಅಂಕಣದಲ್ಲಿ ಬರುವರು. ಕೆಲಸವಿಲ್ಲದವನ ಸಂಕಟವು ತತ್ತ್ವದ ವೈಶಾಲ್ಯದಲ್ಲಿ ಕಾಣದೆ ಹೋಗುವುದು. ರಾಜ್ಯವು ಅನ್ನದ ವ್ಯವಸ್ಥೆಗೆ ಹೊಣೆಯಾದುದು. ಅದು ಅಳೆಯತಕ್ಕದ್ದು ಮನುಷ್ಯನಿಗೂ ಉತ್ಪಾದನೆಗೂ ಇರುವ ಬಾಹ್ಯಸಂಬಂಧವನ್ನು.

ಅಂತರಂಗದ ಅಳತೆಯು ಬೇರೆ ಬಗೆಯದು. ಅದರ ಅತ್ಯುತ್ತಮ ನಿದರ್ಶನವು ನಮ್ಮ ನಾಡಿನಲ್ಲಿಯೇ ಉಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಪತ್ನಿ ಲಕ್ಕಮ್ಮನು ಮಿಗಿಲಾದುದನ್ನು ಆ ಅಂಗಳಕ್ಕೇ ಹಿಂದಕ್ಕೆ ಸುರಿದು ಬರುವಂತೆ ಹೇಳಿ ಕಳುಹಿಸಿದಳೆಂಬುದು ಪ್ರಸಿದ್ಧವಾದ ಕಥೆ. ಇಂದಿನ ಅಧಿಕೃತ ಸಮೀಕ್ಷೆಗಳಲ್ಲಿ ಮನೆಬಳಕೆಗಾಗಿ ಸೌದೆ, ಸೊಪ್ಪು, ಗೆಡ್ಡೆಗೆಣಸುಗಳನ್ನು ಬಿಟ್ಟಿಯಾಗಿ ಆಯ್ದು ತರುವುದಕ್ಕೆ ಒಂದು ಸಂಕೇತಸಂಖ್ಯೆ ಇದೆ, ಅದು 93. ಗೃಹಕೃತ್ಯದ ಜೊತೆಗೆ ಇಂಥ ಆಯುವಿಕೆಯನ್ನೂ ಮಾಡುವವರು ಶ್ರಮಶಕ್ತಿಯ ಹೊರಗಿನವರು. ಆ ನಮೂನೆಯ ಮುಂದೆ ನಿಂತರೆ ಮಾರಯ್ಯನೂ ಹೊರಗಿನವನಾಗುವ ಸಂಭವ ಉಂಟು. ಲಕ್ಕಮ್ಮನ ಕೆಲಸಕ್ಕಂತೂ ಸಂಕೇತವೇ ಇಲ್ಲ; ಏಕೆಂದರೆ ಅವಳು ಅಂದು ಮಾಡಿದುದು ಸಾಕೆಂಬ ಒಂದು ನಿರ್ಣಯ. ಕಾಯಕವು ಕಾಯಕವಾಗುವುದು ಅದರ ಪ್ರಮಾಣದಿಂದಲ್ಲ, ಅದರ ಶುದ್ಧಿಯಿಂದ ಮತ್ತು ಅದು ಸಲ್ಲುವ ಎಡೆಯಿಂದ ಎಂಬ ಈ ವಿಚಾರವನ್ನು ಯಾವ ಅಧಿಕಾರಿಯೂ ಅಳೆಯಲಾರನು, ಅಳೆಯಲು ಹೋಗಲೂ ಬಾರದು. ಪ್ರಜೆಯ ಅಂತಃಕರಣವನ್ನು ಎಣಿಸಹೊರಟ ರಾಜ್ಯವು ಅದನ್ನು ಆಳಹೊರಟೀತು.

ಇಷ್ಟರಮಟ್ಟಿಗೆ ಸೀಮೆಗಳು ಸ್ಪಷ್ಟವಾಗಿವೆಯೆಂದು ತೋರುತ್ತದೆ: ಬಹಿರಂಗವು ರಾಜ್ಯದ್ದು, ಅಂತರಂಗವು ಧರ್ಮದ್ದು. ಆದರೆ ನಿರುದ್ಯೋಗದ ಪ್ರಶ್ನೆಯು ಎದ್ದೊಡನೆಯೇ ಈ ವಿಭಾಗವು ಕುಸಿದುಬೀಳುತ್ತದೆ. ಕೆಲಸವಿಲ್ಲದವರೆಲ್ಲ ನಿರುದ್ಯೋಗಿಗಳಲ್ಲ, ತೊಟ್ಟಿಲ ಶಿಶು, ಶಾಲೆಯ ಬಾಲಕ, ವಿಶ್ರಾಂತಿಯಲ್ಲಿರುವ ವೃದ್ಧ ಇವರಾರೂ ಅಲ್ಲ. 1961ರ ಗಣತಿಯು ಮೊದಲನೆಯ ಸಲ ಕೆಲಸವನ್ನು ಅರಸುತ್ತಿರುವವರು, ಹಿಂದೆ ಕೆಲಸದಲ್ಲಿದ್ದು ಈಗ ಕಳೆದುಕೊಂಡು ಅರಸುತ್ತಿರುವವರು ಎಂದು ಎರಡು ಗುಂಪುಗಳನ್ನು ಮಾಡಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಆಶ್ರಯದಲ್ಲಿ 1982ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞರು ಕೆಲಸವಿಲ್ಲದಿರುವುದು, ಕೆಲಸಕ್ಕೆ ಸಿದ್ಧನಿರುವುದು, ಕೆಲಸವನ್ನು ಹುಡುಕುತ್ತಿರುವುದು ಎಂಬ ಮೂರೂ ಕೂಡಿದವನೇ ನಿರುದ್ಯೋಗಿಯೆಂದು ನಿಶ್ಚಯಿಸಿದರು. ಅಲ್ಲಿಗೆ, ಕೈಗಳು ಏನು ಮಾಡಿದುವೆಂದು ಕೇಳುತ್ತ ಬಂದ ಗಣತಿಯು ತನಗರಿಯದಂತೆಯೇ ಮನಸ್ಸು ಏನನ್ನು ಬಯಸುತ್ತಿದೆಯೆಂದು ಕೇಳಿದಂತಾಯಿತು. ನಿರುದ್ಯೋಗವನ್ನು ಎಣಿಸುವುದೆಂದರೆ ಇಚ್ಛೆಯನ್ನು ಎಣಿಸುವುದು.

ಇಚ್ಛೆಯು ಕಾಲಾಧೀನವಾದುದು, ಸೋಲುಗೆಲುವುಗಳಿಗೆ ಅಧೀನವಾದುದು. ದಾಂತವಾಲ ಸಮಿತಿಯು 1970ರಲ್ಲಿ, ನಮ್ಮಂಥ ಕೃಷಿಪ್ರಧಾನ ದೇಶದ ನಿರುದ್ಯೋಗವನ್ನು ಒಂದೇ ಅಂಕಿಯಿಂದ ಹೇಳುವುದು ಅರ್ಥಹೀನವೆಂದು ಸಾರಿದುದು ಇದಕ್ಕೇ ಸಮೀಪವಾದ ಕಾರಣಗಳಿಂದ. ಅದರ ಫಲವಾಗಿ 1972-73ರಿಂದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಒಬ್ಬನೇ ಮನುಷ್ಯನನ್ನು ವರ್ಷದ ಅಳತೆಯಿಂದಲೂ ವಾರದ ಅಳತೆಯಿಂದಲೂ ದಿನದ ಅಳತೆಯಿಂದಲೂ ನೋಡತೊಡಗಿತು. ವಾರದ ಅಳತೆಯಲ್ಲಿ ಏಳು ದಿನಗಳೊಳಗೆ ಒಂದು ಗಂಟೆ ದುಡಿದವನೂ ಉದ್ಯೋಗಿಯೇ. ಅದೇ ಮನುಷ್ಯನ ಏಳು ದಿನಗಳನ್ನು ಹದಿನಾಲ್ಕು ಅರ್ಧದಿನಗಳಾಗಿ ಒಡೆದು ನೋಡಿದಾಗ ಅವುಗಳಲ್ಲಿ ಹನ್ನೆರಡೋ ಹದಿಮೂರೋ ಖಾಲಿಯಾಗಿರಬಹುದು.

ಇದಕ್ಕೂ ಆಳವಾದ ತೊಡಕೊಂದುಂಟು. ವರ್ಷಗಟ್ಟಲೆ ಅರಸಿ, ಅರ್ಜಿಗಳನ್ನು ಬರೆದು, ಬಾಗಿಲುಗಳನ್ನು ತಟ್ಟಿ, ಕೊನೆಗೆ ಅರಸುವುದನ್ನೇ ಬಿಟ್ಟವನನ್ನು ನೀನು ಕೆಲಸವನ್ನು ಹುಡುಕುತ್ತಿರುವೆಯಾ ಎಂದು ಕೇಳಿದರೆ ಅವನು ಇಲ್ಲವೆನ್ನುವನು. ಇಲ್ಲವೆಂದೊಡನೆ ಅವನು ನಿರುದ್ಯೋಗಿಗಳ ಲೆಕ್ಕದಿಂದ ಬಿಟ್ಟುಹೋಗುವನು. ಸಿಕ್ಕಿದರೆ ಮಾಡಲು ಸಿದ್ಧನೆ ಎಂಬ ಮಾತನ್ನು ಗಣತಿಯು ಸೇರಿಸಿದುದರಿಂದ ಇಂಥವರಲ್ಲಿ ಕೆಲವರು ಉಳಿದುಕೊಳ್ಳುತ್ತಾರೆ. ಸಿದ್ಧತೆಯೂ ಬತ್ತಿದವನು ಉಳಿಯುವುದಿಲ್ಲ. ಅವನ ಪಕ್ಕದಲ್ಲಿ ಒಬ್ಬ ನಿಜವಾದ ವಿರಕ್ತನನ್ನು ನಿಲ್ಲಿಸಿ ಅದೇ ಪ್ರಶ್ನೆಯನ್ನು ಕೇಳಿ, ಉತ್ತರವು ಅದೇ. ಒಬ್ಬನಲ್ಲಿ ಆಸೆಯು ಜ್ಞಾನದಿಂದ ಶಾಂತವಾಗಿದೆ. ಇನ್ನೊಬ್ಬನಲ್ಲಿ ಅದನ್ನು ಲೋಕವು ತುಳಿದು ನಂದಿಸಿದೆ. ವೈರಾಗ್ಯಕ್ಕೂ ಹತಾಶೆಗೂ ನಡುವಣ ಅಂತರವು ಧರ್ಮಜೀವನದಲ್ಲಿ ಬೆಳಕಿಗೂ ಕತ್ತಲೆಗೂ ನಡುವಣ ಅಂತರದಷ್ಟು; ನಮೂನೆಯಲ್ಲಿ ಎರಡಕ್ಕೂ ಒಂದೇ ಸಂಕೇತ. ಎಷ್ಟು ಮಂದಿ ಆಸೆಯನ್ನು ಬಿಟ್ಟರೆ ಅಷ್ಟರಮಟ್ಟಿಗೆ ದೇಶದ ನಿರುದ್ಯೋಗವು ಕಡಮೆಯಾದಂತೆ ಕಾಣುವುದೆಂಬುದು ನನಗೆ ಬಹು ಭಯಂಕರವಾದ ಸಂಗತಿಯಾಗಿ ತೋರುತ್ತದೆ.

ಹೀಗಿರುವಲ್ಲಿ ಧರ್ಮವಿಚಾರಕರೂ ನಿರಪರಾಧಿಗಳಲ್ಲ. ನಮ್ಮ ಶಾಸ್ತ್ರಗಳು ಕರ್ಮವನ್ನು ಮಾಡುವವನನ್ನು ಕುರಿತು ಹೇಳಿದುವು, ಕರ್ಮವನ್ನು ಬಿಟ್ಟವನನ್ನು ಕುರಿತು ಹೇಳಿದುವು, ಆಲಸಿಯನ್ನು ಬಯ್ದುವು. ಮಾಡಲು ಬಯಸಿ, ಮಾಡಬಲ್ಲವನಾಗಿ, ಮಾಡಲು ಎಡೆಯೇ ದೊರೆಯದವನನ್ನು ಕುರಿತು ಹೇಳಿದುದು ಬಹಳ ಕಡಮೆ. ಆಪದ್ಧರ್ಮದ ಪ್ರಕರಣಗಳು ತನ್ನ ವೃತ್ತಿಯಿಂದ ಬದುಕಲಾರದವನು ಬೇರೊಂದು ವೃತ್ತಿಯನ್ನು ಹಿಡಿಯಬಹುದೆಂದು ಅನುಮತಿಯನ್ನು ಕೊಡುತ್ತವೆ. ಹಿಡಿಯುವುದಕ್ಕೆ ಯಾವ ವೃತ್ತಿಯೂ ಇಲ್ಲದ ಆಪತ್ತನ್ನು ಅವು ಎದುರಿಸಿದಂತಿಲ್ಲ. ಮನುಷ್ಯನಿಗೆ ಅಧಿಕಾರವಿರುವುದು ಕರ್ಮದಲ್ಲಿ ಮಾತ್ರ, ಫಲದಲ್ಲಲ್ಲ ಎಂಬ ಗೀತೆಯ ಉಪದೇಶವನ್ನು ಉದ್ಯೋಗದಲ್ಲಿರುವ ನಾವು ಎಷ್ಟು ಸಲೀಸಾಗಿ ಉದಾಹರಿಸುತ್ತೇವೆ! ಫಲವನ್ನು ತ್ಯಜಿಸುವುದು ಕಷ್ಟವಾದ ಸಾಧನೆಯೇ ಸರಿ. ಆದರೆ ಕರ್ಮವೇ ಕೈಗೆ ಬಾರದವನಿಗೆ ತ್ಯಜಿಸಲು ಏನಿದೆ? ಅವನಿಂದ ಕಿತ್ತುಕೊಂಡುದು ಕೂಲಿಯನ್ನಷ್ಟೇ ಅಲ್ಲ, ಗೀತೆಯು ಪ್ರತಿಯೊಬ್ಬನಿಗೂ ನಿಸ್ಸಂದೇಹವಾಗಿ ಉಂಟೆಂದು ಭಾವಿಸಿದ ಆ ಒಂದು ಅಧಿಕಾರವನ್ನೇ. ಕಾಯಕದಿಂದಲೇ ಮುಕ್ತಿಯೆಂಬ ಶರಣರ ನಿಲುವನ್ನು ಒಪ್ಪುವವನಿಗೆ ಈ ತೊಡಕು ಇನ್ನೂ ತೀವ್ರವಾದುದು. ಕೆಲಸವೇ ಪೂಜೆಯಾದ ಪಕ್ಷದಲ್ಲಿ ಕೆಲಸವನ್ನು ಕೊಡದ ಸಮಾಜವು ಗುಡಿಯ ಬಾಗಿಲನ್ನು ಮುಚ್ಚಿದಂತಾಯಿತು.

ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಅಕ್ಕಿಯನ್ನು ಕುರಿತು ಸಾಮಾನ್ಯವಾಗಿ ಅಪರಿಗ್ರಹದ ಪಾಠವನ್ನು ಹೇಳುತ್ತಾರೆ. ನಾನು ಅದರಲ್ಲಿ ಇನ್ನೊಂದನ್ನೂ ಓದುತ್ತೇನೆ. ಅಂಗಳದಲ್ಲಿ ಉಳಿದ ಅಕ್ಕಿಯು ನಾಳೆ ಆಯಲು ಬರುವ ಬೇರೊಬ್ಬನ ಕಾಯಕ. ಅದನ್ನು ಉಳಿಸಿಡುವುದು ಅನ್ನವನ್ನು ಹಂಚುವುದಕ್ಕಿಂತ ಒಂದು ಮೆಟ್ಟಿಲು ಮೇಲಾದ ದಾಸೋಹ. ರಾಜ್ಯವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಕೆಲಸದ ಹಕ್ಕನ್ನು ದೊರಕಿಸಿಕೊಡಲು ಪರಿಣಾಮಕಾರಿಯಾದ ಏರ್ಪಾಡನ್ನು ಮಾಡತಕ್ಕದ್ದೆಂದು ನಮ್ಮ ಸಂವಿಧಾನದ 41ನೆಯ ಅನುಚ್ಛೇದವು ನಿರ್ದೇಶಿಸುವಾಗ ಅದರ ಹಿಂದೆ ಇಂಥ ಭಾವನೆಯೇ ಇದೆಯೆಂದು ನಂಬುವುದಕ್ಕೆ ನನಗೆ ಇಷ್ಟ. ಆ ನಿರ್ದೇಶವು ನ್ಯಾಯಾಲಯದಲ್ಲಿ ಬಲಾತ್ಕರಿಸಬಹುದಾದ ಹಕ್ಕಲ್ಲ. ಹಾಗಾಗಿಯೇ ಅದನ್ನು ಬಲಪಡಿಸಬಲ್ಲ ಸಾಧನಗಳಲ್ಲಿ ಪ್ರಾಮಾಣಿಕವಾದ ಎಣಿಕೆಯು ಮುಖ್ಯವಾದುದು. ಯಾರಿಗೆ ಕೆಲಸವಿಲ್ಲವೆಂಬುದನ್ನೇ ತಿಳಿಯದ ರಾಜ್ಯವು ಯಾರಿಗೆ ಅದನ್ನು ಕೊಟ್ಟೀತು?

2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಮುಂದಕ್ಕೆ ಹೋಗಿ, ಹಿಮಾವೃತ ಪ್ರದೇಶಗಳನ್ನು ಬಿಟ್ಟು ಉಳಿದ ದೇಶಕ್ಕೆಲ್ಲ 2027ರ ಮಾರ್ಚ್ 1ನೆಯ ದಿನವನ್ನು ಆಧಾರಕಾಲವೆಂದು ಗೊತ್ತುಮಾಡಲಾಗಿದೆ. ಗಣತಿಗೆ ಹೊರಡುವವರು ಬಹುಮಟ್ಟಿಗೆ ನಮ್ಮ ಶಾಲೆಗಳ ಉಪಾಧ್ಯಾಯರು. ಊರಿನ ಯಾವ ಹೆಂಗಸು ಯಾವ ತಿಂಗಳಲ್ಲಿ ಯಾರ ಹೊಲದಲ್ಲಿ ಬಗ್ಗಿರುತ್ತಾಳೆಂಬುದು ಅವರಿಗೆ ತಿಳಿಯದುದೇನಲ್ಲ. ಯಜಮಾನನು ಜಗಲಿಯ ಮೇಲೆ ಕುಳಿತು ಅವಳು ಸುಮ್ಮನೆ ಮನೆಯಲ್ಲಿರುತ್ತಾಳೆಂದು ಬರೆಯಿಸಿದರೆ, ಅವಳನ್ನೇ ಕರೆಯಿಸಿ, ಮುಂಗಾರಿನಲ್ಲಿ ಏನು ಮಾಡಿದೆ ತಾಯಿ, ಕುಯ್ಲಿನಲ್ಲಿ ಏನು ಮಾಡಿದೆ, ದನವನ್ನು ಯಾರು ನೋಡಿಕೊಂಡರು ಎಂದು ಋತುವೊಂದೊಂದನ್ನೂ ಹೆಸರಿಸಿ ಕೇಳುವುದಕ್ಕೆ ಐದು ನಿಮಿಷ ಸಾಕು. ಇನ್ನು ನಮೂನೆಗಳನ್ನು ರಚಿಸುವವರಲ್ಲಿ ನನ್ನ ಬಿನ್ನಹವೊಂದಿದೆ: ಕೆಲಸವನ್ನು ಹುಡುಕುತ್ತಿಲ್ಲ, ಸಿಕ್ಕಿದರೂ ಸಿದ್ಧನಲ್ಲ ಎಂದು ಹೇಳುವ ತರುಣರ ಹೆಸರಿನ ಮುಂದೆ, ಓದಿಗಾಗಿಯೆ, ಮನೆಯ ಹೊರೆಗಾಗಿಯೆ, ಅನಾರೋಗ್ಯದಿಂದಲೆ, ಅಥವಾ ಹುಡುಕಿ ಹುಡುಕಿ ಬೇಸತ್ತುದರಿಂದಲೆ ಎಂದು ಕಾರಣವನ್ನು ಗುರುತಿಸುವುದಕ್ಕೆ ಒಂದು ಅಂಕಣವನ್ನು ಬಿಡಲಿ, ಆ ಅಂಕಣದ ಮೊತ್ತವನ್ನು ನಿರುದ್ಯೋಗದ ಮೊತ್ತದ ಪಕ್ಕದಲ್ಲಿಯೇ, ಅದೇ ಪುಟದಲ್ಲಿ, ಪ್ರಕಟಿಸಲಿ.